ಸಾಲಿಮಠವೂ ತೆರಕೋಯವೂ

ಹುಬ್ಬಳ್ಳಿಯಿಂದ ವಿಜಯಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ನವಲಗುಂದ, ನರಗುಂದಗಳನ್ನು ಹಿಂದಿಟ್ಟು ಮುಂದೆ ಬಂದವರಿಗೆ ಮಲಪ್ರಭೆಯ ಸೇತುವೆಗೆ ಮುನ್ನ ಎದುರಾಗುವ ಊರು ಕೊಣ್ಣೂರು. ಸುತ್ತಲೂ ಎರೆಭೂಮಿ, ಹೊಳೆಯ ದಂಡೆಯಲ್ಲಿ ಪೇರಲ ತೋಟಗಳು. ದಾರಿಹೋಕರ ಪಾಲಿಗೆ ಕೊಣ್ಣೂರೆಂದರೆ ಪೇರಲಹಣ್ಣು. ಪತ್ರಿಕೆ ಓದುವವರ ಪಾಲಿಗೆ ೨೦೦೯ರಲ್ಲಿಯೂ ೨೦೧೯ರಲ್ಲಿಯೂ ನೆರೆ ನುಗ್ಗಿದ ಊರು. ಶಾಸನಗಳನ್ನು ಓದುವವರ ಪಾಲಿಗಾದರೋ ಇದು ‘ಕೊಳನೂರು’. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರಿನಲ್ಲಿರುವ, ಕ್ರಿ.ಶ. ೮೬೦ರ ತೇದಿ ಹೊತ್ತ ದತ್ತಿಶಾಸನ ದೊರೆತದ್ದು ಇಲ್ಲಿಯೇ. ಬಂಕೇಯನು ಕೊಳನೂರಿನಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಅರಸನು ದತ್ತಿ ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ಈಗ ಉಳಿದಿರುವ ಕಲ್ಲು ಆ ಕಾಲಕ್ಕಿಂತ ಈಚೆಗೆ ಕಂಡರಿಸಿದ ಪ್ರತಿಯೆಂದು ವಿದ್ವಾಂಸರು ಎಣಿಸುತ್ತಾರೆ. ಊರಿನ ಹಳಮೆಗೆ ಅದರಿಂದ ಕುಂದೇನೂ ಇಲ್ಲ.

ಅದೇ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡದಲ್ಲಿ ಉಪಲಬ್ಧವಾಗಿರುವ ಮೊದಲ ಗ್ರಂಥ. ಕನ್ನಡದ ತಿರುಳು ಎಲ್ಲಿದೆ ಎಂಬುದಕ್ಕೆ ಅದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳೆಂಬ ನಾಲ್ಕು ಊರುಗಳನ್ನು ಗುರುತಾಗಿ ಕೊಡುತ್ತದೆ. ಇವುಗಳಲ್ಲಿ ಒಂಕುಂದ ಎಂದರೆ ಬೈಲಹೊಂಗಲದ ಕಡೆಯ ವಕ್ಕುಂದ, ಕಿಸುವೊಳಲೆಂದರೆ ಪಟ್ಟದಕಲ್ಲು. ಎರಡೂ ಮಲಪ್ರಭೆಯ ದಂಡೆಯ ಊರುಗಳು. ಆ ಎರಡರ ನಡುವೆ ಅದೇ ಹೊಳೆಯ ದಂಡೆಯಲ್ಲಿ ಕೊಣ್ಣೂರು. ಇಲ್ಲಿಯ ಜನ ಗ್ರಂಥ ಹಿಡಿದು ಕಲಿಯದೆಯೇ ಕಾವ್ಯದ ಮರ್ಮ ಬಲ್ಲವರೆಂದೂ, ಎಳೆಯ ಮಕ್ಕಳಿಗೂ ಮಾತಿನ ವಿವೇಕ ಉಂಟೆಂದೂ ಆ ಗ್ರಂಥ ಕೊಂಡಾಡುತ್ತದೆ. ಸ್ವಂತ ನಾಡಿನ ಅಭಿಮಾನದಲ್ಲಿ ಕವಿ ಒಂದು ಹಿಡಿ ಹೆಚ್ಚಾಗಿಯೇ ಹೊಗಳಿರಬಹುದು. ಆದರೂ ಶಾಲೆಯ ಹೊಸ್ತಿಲು ದಾಟುವ ಮೊದಲೇ ಮಗು ಎಷ್ಟೋ ಕಲಿತಿರುತ್ತದೆ ಎಂಬ ಅರಿವು ಸಾವಿರದ ನೂರು ವರ್ಷಗಳ ಹಿಂದೆಯೇ ಈ ನೆಲದಲ್ಲಿತ್ತೆಂಬುದು ಸಣ್ಣ ಮಾತಲ್ಲ.

ಇಂದಿಗೂ ಕೊಣ್ಣೂರಿನಂಥ ಊರಿನ ರೈತನ ಮಗು ಒಂದನೆಯ ಇಯತ್ತೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ ಎಂಬುದು ಅದಕ್ಕೆ ಗೊತ್ತು. ಮಳೆಗಳ ಹೆಸರು ಗೊತ್ತು. ಕೂರಿಗೆಗೂ ಕುಂಟೆಗೂ ಭೇದ ಗೊತ್ತು. ಶ್ರಾವಣದಲ್ಲಿ ಮಠಕ್ಕೆ ಪುರಾಣ ಹಚ್ಚಿದಾಗ ಅಜ್ಜಿಯ ತೊಡೆಯ ಮೇಲೆ ಕುಳಿತು ಕೇಳಿದ ಕಥೆಗಳು ಅದರ ಕಿವಿಯಲ್ಲಿವೆ. ಈ ಸರಕಿಗೆ ಶಾಲೆಯಲ್ಲಿ ಏನು ಬೆಲೆ? ಬಹುಮಟ್ಟಿಗೆ ಏನೂ ಇಲ್ಲ. ಪಾಟೀಚೀಲವನ್ನು ಒಳಗೆ ಒಯ್ದ ಹುಡುಗ ಈ ಗಂಟನ್ನು ಚಪ್ಪಲಿಯೊಡನೆ ಬಾಗಿಲಲ್ಲಿ ಬಿಟ್ಟು ಹೋಗಬೇಕು.

ಇತ್ತ ಕೆಲವು ವರ್ಷಗಳಿಂದ ಪೂರ್ವ ಏಷ್ಯದ ಶಾಲೆಗಳ ಗುಣಗಾನ ಜಗತ್ತಿನಲ್ಲೆಲ್ಲ ಕೇಳಿಬರುತ್ತಿದೆ. ೨೦೦೯ರ ‘ಪೀಸಾ’ ಎಂಬ ಅಂತರರಾಷ್ಟ್ರೀಯ ಪರೀಕ್ಷೆಗೆ ಮೊದಲ ಸಲ ಕುಳಿತ ಷಾಂಘೈ ನಗರದ ಮಕ್ಕಳು ಎಲ್ಲರಿಗಿಂತ ಮುಂದೆ ನಿಂತಾಗ ಪಾಶ್ಚಾತ್ಯ ದೇಶಗಳ ಶಿಕ್ಷಣತಜ್ಞರು ಬೆರಗಾದರು. ಜಪಾನು, ಕೊರಿಯಾಗಳ ಮಕ್ಕಳೂ ಹಿಂದೆ ಬಿದ್ದವರಲ್ಲ. ಅಲ್ಲಿಯ ಯಶಸ್ಸಿನ ಗುಟ್ಟೇನೆಂದು ಕೇಳಿದರೆ ಕೆಲವರು ಶಿಸ್ತು ಎನ್ನುತ್ತಾರೆ, ಕೆಲವರು ಕನ್‌ಫ್ಯೂಷಿಯಸ್ ಎನ್ನುತ್ತಾರೆ, ಕೆಲವರು ಮಕ್ಕಳ ಬೆವರು ಎನ್ನುತ್ತಾರೆ. ಆದರೆ ನಮ್ಮ ಪಾಲಿಗೆ ಹೆಚ್ಚು ಉಪಯುಕ್ತವಾದ ಪ್ರಶ್ನೆ ಬೇರೆ: ಶಾಲೆಯ ಬಾಗಿಲಲ್ಲಿ ಉಳಿದುಹೋಗುವ ಆ ಗಂಟನ್ನು ಅವರು ಏನು ಮಾಡಿದರು?

ಜಪಾನಿನ ಹಳೆಯ ಊರುಶಾಲೆಗೆ ‘ತೆರಕೋಯ’ ಎಂದು ಹೆಸರು. ‘ತೆರ’ ಎಂದರೆ ಬೌದ್ಧ ದೇವಾಲಯ. ಗುಡಿಯಲ್ಲಿ ಭಿಕ್ಷುಗಳು ಅಕ್ಷರ ಕಲಿಸುತ್ತಿದ್ದುದರಿಂದ ಬಂದ ಹೆಸರು. ಮುಂದೆ ಉಪಾಧ್ಯಾಯ ಭಿಕ್ಷುವಾಗಿರಲಿ, ಕೆಲಸವಿಲ್ಲದ ಸಮುರಾಯಿಯಾಗಿರಲಿ, ವೈದ್ಯನಾಗಿರಲಿ, ಹೆಸರು ಮಾತ್ರ ಅದೇ ಉಳಿಯಿತು. ಇದನ್ನು ಓದಿದಾಗ ಧಾರವಾಡ, ಗದಗ, ಬಾಗಲಕೋಟೆಗಳ ವಾಚಕರಿಗೆ ಒಂದು ಅಡ್ಡಹೆಸರು ನೆನಪಾಗದೆ ಇರದು: ಸಾಲಿಮಠ. ಶಾಲೆಗೆ ಈ ಸೀಮೆಯ ಆಡುಮಾತು ‘ಸಾಲಿ’. ಮಠದ ಅಯ್ಯನವರು ಊರ ಮಕ್ಕಳಿಗೆ ಅಕ್ಷರ, ಲೆಕ್ಕ ಕಲಿಸುತ್ತಿದ್ದ ಕಾಲದ ಕುರುಹಾಗಿ ಆ ಹೆಸರು ಮನೆತನಗಳಿಗೆ ಅಂಟಿಕೊಂಡಿದೆ. ಹಳೆಯ ಮೈಸೂರಿನ ಕಡೆ ಇದೇ ಬಗೆಯ ಶಾಲೆಗೆ ‘ಕೂಲಿಮಠ’ ಎನ್ನುತ್ತಿದ್ದರು. ಸಾವಿರಾರು ಹರದಾರಿ ದೂರದ ಎರಡು ನಾಡುಗಳಲ್ಲಿ ಶಾಲೆಯ ಹೆಸರು ದೇವರ ಮನೆಯಿಂದಲೇ ಹುಟ್ಟಿತೆಂಬುದು ಸೋಜಿಗ.

ಹೆಸರಷ್ಟೇ ಅಲ್ಲ, ನಡೆಯುತ್ತಿದ್ದ ಪಾಠವೂ ಅಕ್ಕತಂಗಿಯರಂತೆ ಇತ್ತು. ತೆರಕೋಯದ ಮಕ್ಕಳು ಒಂದೇ ಕಾಗದದ ಮೇಲೆ ಮತ್ತೆ ಮತ್ತೆ ಕುಂಚದಿಂದ ತಿದ್ದಿ ಅದನ್ನು ಕಪ್ಪಗೆ ಮಾಡುತ್ತಿದ್ದರು. ಇಲ್ಲಿಯ ಮಕ್ಕಳು ಮರಳ ಮೇಲೆ ಬೆರಳಿಂದ ತಿದ್ದಿ, ಕೈ ಕುದುರಿದ ಮೇಲೆ ಹಲಗೆ ಹಿಡಿಯುತ್ತಿದ್ದರು. ಅಲ್ಲಿ ವ್ಯಾಪಾರಿಯ ಮಗನಿಗೆ ಸರಕುಗಳ ಹೆಸರುಳ್ಳ ಪುಸ್ತಕ, ರೈತನ ಮಗನಿಗೆ ಒಕ್ಕಲುತನದ ಮಾತುಗಳುಳ್ಳ ಪುಸ್ತಕ, ಪತ್ರ ಬರೆಯುವ ಮಾದರಿಗಳು. ಇಲ್ಲಿ ಅಂಕಲಿಪಿ, ಮೋಡಿ ಅಕ್ಷರದ ಕಾಗದ ಓದುವುದು, ಜಮಾಖರ್ಚು, ಪಂಚಾಂಗ. ಎರಡೂ ಕಡೆ ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವುದು ವಾಡಿಕೆ. ಮದರಾಸಿನಲ್ಲಿ ಹುಡುಗರು ಹೀಗೆ ಮರಳ ಮೇಲೆ ಬರೆದು ಒಬ್ಬರಿಗೊಬ್ಬರು ಕಲಿಸುವುದನ್ನು ಕಂಡ ಆಂಡ್ರೂ ಬೆಲ್ ಎಂಬ ಪಾದ್ರಿ ೧೭೯೭ರಲ್ಲಿ ಅದರ ಬಗ್ಗೆ ಪುಸ್ತಕ ಬರೆದು, ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದನ್ನು ಇಂಗ್ಲೆಂಡಿನ ಬಡವರ ಶಾಲೆಗಳಿಗೆ ಒಯ್ದನು. ಜಗಲಿಶಾಲೆಯಿಂದ ಸಾಲ ಪಡೆದ ದೇಶದವರೇ ಅರವತ್ತು ವರ್ಷಗಳಾದ ಮೇಲೆ ಬಂದು ಅದನ್ನು ಅಪ್ರಯೋಜಕವೆಂದರು.

ಸಾಲಿಮಠವನ್ನು ಹೊಗಳುವಾಗ ಬೆತ್ತವನ್ನೂ ಕೋದಂಡವನ್ನೂ ಮರೆಯಬಾರದು. ಅಲ್ಲಿ ಹೆಣ್ಣುಮಕ್ಕಳಿಗೆ ಸ್ಥಳವಿರಲಿಲ್ಲ; ಊರ ಹೊರಗಿನ ಕೇರಿಯ ಮಕ್ಕಳಿಗಂತೂ ಬಾಗಿಲೇ ಇರಲಿಲ್ಲ. ಜಪಾನಿನಲ್ಲಿಯೂ ಕೀಳೆನಿಸಿದ ಕುಲಗಳವರು ಇದೇ ಕಷ್ಟ ಉಂಡರು. ಆದರೆ ಪಟ್ಟಣಗಳ ತೆರಕೋಯಗಳಿಗೆ ಹೆಣ್ಣುಮಕ್ಕಳು ಬರುತ್ತಿದ್ದರು; ಉಪಾಧ್ಯಾಯಿನಿಯರೂ ಇದ್ದರು. ೧೮೬೮ರ ಸುಮಾರಿಗೆ ಅಲ್ಲಿ ನೂರಕ್ಕೆ ೪೦ರಷ್ಟು ಗಂಡುಮಕ್ಕಳೂ ೧೦ರಷ್ಟು ಹೆಣ್ಣುಮಕ್ಕಳೂ ಏನಾದರೊಂದು ಶಿಕ್ಷಣ ಪಡೆದಿದ್ದರೆಂದು ಇತಿಹಾಸಕಾರರ ಅಂದಾಜು. ಹೊಸ ಸರಕಾರದ ಕೈಗೆ ಸಿಕ್ಕಿದ್ದು ಈ ತಳಪಾಯ.

ಆ ಸರಕಾರ ಮೊದಲು ಮಾಡಿದ ಕೆಲಸ ಮಾತ್ರ ಜಾಣತನದ್ದಾಗಿರಲಿಲ್ಲ. ೧೮೭೨ರಲ್ಲಿ ಹೊರಟ ಶಿಕ್ಷಣಾಜ್ಞೆ ಫ್ರಾನ್ಸಿನ ಆಡಳಿತದ ಅಚ್ಚಿನಲ್ಲಿ ದೇಶವನ್ನು ವಿಭಾಗಿಸಿ ೫೩,೭೬೦ ಪ್ರಾಥಮಿಕ ಶಾಲೆಗಳನ್ನು ತೆರೆಯಬೇಕೆಂದಿತು. ಪಠ್ಯಗಳು ಅಮೆರಿಕದ ಪುಸ್ತಕಗಳ ಅನುವಾದಗಳು. ಶುಲ್ಕವನ್ನು ತಂದೆತಾಯಿಗಳೇ ತೆರಬೇಕು. ಹೊಲದಲ್ಲಿ ಕೈಗೆ ಬಂದ ಮಗನನ್ನು ಕಳಿಸಿ, ಮೇಲೆ ಹಣವನ್ನೂ ಕೊಟ್ಟು, ಮನೆಯಲ್ಲಿ ಯಾರಿಗೂ ತಿಳಿಯದ ಪಾಠ ಓದಿಸಲು ರೈತರು ಒಪ್ಪಲಿಲ್ಲ. ಕೆಲವು ಕಡೆ ದಂಗೆಯೆದ್ದು ಶಾಲೆಗಳಿಗೇ ಬೆಂಕಿಯಿಟ್ಟರು. ೧೮೭೩ರಲ್ಲಿ ಶಾಲೆಗೆ ಬರುತ್ತಿದ್ದ ಮಕ್ಕಳು ನೂರಕ್ಕೆ ೨೮ ಮಾತ್ರ.

ಇದೇ ಹೊತ್ತಿನಲ್ಲಿ ಮೋರಿ ಅರಿನೋರಿ ಎಂಬ ತರುಣ ರಾಯಭಾರಿ ವಾಷಿಂಗ್ಟನ್ನಿನಲ್ಲಿ ಕುಳಿತು ಇನ್ನೂ ದೂರದ ಆಲೋಚನೆ ಮಾಡುತ್ತಿದ್ದನು. ಜಪಾನೀ ಭಾಷೆಯಿಂದ ಆಧುನಿಕ ವಿದ್ಯೆ ಸಾಧ್ಯವಿಲ್ಲ, ಇಂಗ್ಲಿಷನ್ನೇ ದೇಶದ ಭಾಷೆಯನ್ನಾಗಿ ಮಾಡಿಕೊಳ್ಳಬೇಕು ಎಂಬುದು ಆತನ ಅಭಿಪ್ರಾಯ. ೧೮೭೨ರಲ್ಲಿ ಆತ ಯೇಲ್ ವಿಶ್ವವಿದ್ಯಾಲಯದ ವಿಟ್ನಿ ಎಂಬ ಭಾಷಾಪಂಡಿತರ ಸಲಹೆ ಕೇಳಿದನು. ವಿಟ್ನಿ ಅಮೆರಿಕದವರು, ಇಂಗ್ಲಿಷಿನ ಪ್ರಚಾರ ಅವರಿಗೆ ಬೇಡವಾಗಬೇಕಿರಲಿಲ್ಲ. ಆದರೂ ಆ ಸಂಸ್ಕೃತ ವೈಯಾಕರಣರು ಕೊಟ್ಟ ಉತ್ತರ, ಒಂದು ಜನಾಂಗ ಮೇಲೇಳುವುದು ತನ್ನ ಭಾಷೆಯ ಮೂಲಕವೇ ಎಂಬ ಅರ್ಥದ್ದು. ಲಂಡನ್ನಿನಲ್ಲಿ ಓದುತ್ತಿದ್ದ ಬಾಬಾ ತತ್ಸುಯಿ ಎಂಬ ಇನ್ನೊಬ್ಬ ತರುಣನು ೧೮೭೩ರಲ್ಲಿ ಜಪಾನೀ ಭಾಷೆಗೆ ಒಂದು ವ್ಯಾಕರಣವನ್ನೇ ಬರೆದು ಮೋರಿಯ ವಾದವನ್ನು ಖಂಡಿಸಿದನು. ಇಂಗ್ಲಿಷು ಕಲಿಯಲು ಬಿಡುವುಳ್ಳ ಸಿರಿವಂತರು ಒಂದು ಕಡೆ, ದುಡಿದು ತಿನ್ನುವ ಜನ ಇನ್ನೊಂದು ಕಡೆಯಾಗಿ ದೇಶ ಎರಡು ಹೋಳಾದೀತು ಎಂಬುದು ಅವನ ಮಾತಿನ ಸಾರ. ಆ ಖಂಡನೆಯನ್ನು ಆತ ಬರೆದದ್ದು ಇಂಗ್ಲಿಷಿನಲ್ಲಿ ಎಂಬುದನ್ನು ಇಲ್ಲಿ ಹೇಳದೆ ಬಿಟ್ಟರೆ ನ್ಯಾಯವಾಗದು.

ಮೋರಿಯ ಸೂಚನೆ ಬಿದ್ದುಹೋಯಿತು. ೧೮೮೫ರಲ್ಲಿ ಆತನೇ ಶಿಕ್ಷಣಮಂತ್ರಿಯಾದಾಗಲೂ ಅದು ಮತ್ತೆ ಏಳಲಿಲ್ಲ. ಹೊಸ ಶಾಲೆಗಳು ಬಹುಪಾಲು ಹಳೆಯ ಗುಡಿಗಳಲ್ಲಿ, ಮನೆಗಳಲ್ಲಿ, ಎಷ್ಟೋ ಕಡೆ ತೆರಕೋಯದ ಹಳೆಯ ಉಪಾಧ್ಯಾಯರ ಕೈಯಲ್ಲಿಯೇ ನಡೆದವು. ಪರದೇಶದ ಪಠ್ಯಗಳು ಕ್ರಮೇಣ ನಾಡಿನ ಪಠ್ಯಗಳಿಗೆ ಎಡೆಕೊಟ್ಟವು. ೧೯೦೦ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದಾಯಿತು. ೧೯೦೨ರ ವೇಳೆಗೆ ಶಾಲೆಗೆ ಹೆಸರು ಹಚ್ಚಿದ ಮಕ್ಕಳು ನೂರಕ್ಕೆ ೯೦ನ್ನು ದಾಟಿದರು. ಇದಕ್ಕಿಂತ ಮುಖ್ಯವಾದದ್ದು ಮೇಲಿನ ಹಂತದಲ್ಲಿ ನಡೆದ ಕೆಲಸ. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಮೊದಮೊದಲು ಇಂಗ್ಲಿಷು, ಜರ್ಮನ್ ಭಾಷೆಗಳಲ್ಲಿ ಪಾಠ ಹೇಳುತ್ತಿದ್ದ ಪರದೇಶದ ಪ್ರಾಧ್ಯಾಪಕರ ಸ್ಥಾನಕ್ಕೆ ಅವರಿಂದಲೇ ಕಲಿತ ಜಪಾನೀಯರು ಬಂದರು. ಬಂದವರು ತಮ್ಮ ಭಾಷೆಯಲ್ಲಿ ಪಾಠ ಹೇಳಿದರು. ತತ್ತ್ವಶಾಸ್ತ್ರ, ವಿಜ್ಞಾನ, ದೂರವಾಣಿ ಇವೆಲ್ಲಕ್ಕೂ ಶಬ್ದಗಳನ್ನು ಟಂಕಿಸಿದರು. ಆ ಶಬ್ದಗಳಲ್ಲಿ ಅನೇಕವನ್ನು ಮುಂದೆ ಚೀನೀಯರೂ ಕೊರಿಯನ್ನರೂ ಎತ್ತಿಕೊಂಡರು. ರೈತನ ಮಗ ಒಂದನೆಯ ತರಗತಿಯಲ್ಲಿ ಹಿಡಿದ ಭಾಷೆಯ ಎಳೆಯನ್ನು ವೈದ್ಯನೋ ನ್ಯಾಯಾಧೀಶನೋ ಆಗುವವರೆಗೆ ಎಲ್ಲಿಯೂ ಕಡಿದುಕೊಳ್ಳಬೇಕಾಗಿರಲಿಲ್ಲ.

ಇನ್ನು ಇತ್ತಕಡೆಗೆ ತಿರುಗಿದರೆ, ಭಾಷೆಯ ವಿಷಯದಲ್ಲಿ ಧಾರವಾಡ ಸೀಮೆ ಜಪಾನಿಗಿಂತ ತಡಮಾಡಿರಲಿಲ್ಲ. ಮುಂಬಯಿ ಆಧಿಪತ್ಯದಲ್ಲಿ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿಯೂ ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ, ೧೮೬೦ರ ದಶಕದಲ್ಲಿ, ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಿದರು. ಅವುಗಳಿಗೆ ಬೇಕಾದ ಉಪಾಧ್ಯಾಯರನ್ನು ಧಾರವಾಡದಲ್ಲಿ ತಯಾರು ಮಾಡಿದರು. ಅವರ ಋಣ ಉತ್ತರ ಕರ್ನಾಟಕದ ಪ್ರತಿಯೊಂದು ಅಕ್ಷರಸ್ಥ ಮನೆತನದ ಮೇಲಿದೆ. ೧೮೯೦ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಆ ಕೆಲಸವನ್ನು ಮುಂದಕ್ಕೆ ಒಯ್ದಿತು. ಆದರೆ ಸರಕಾರೀ ಶಾಲೆ ಬಂದ ಊರಿನಲ್ಲಿ ಸಾಲಿಮಠ ಮುಚ್ಚಿತು. ಊರಶಾಲೆಗಳನ್ನು ಗುರುತಿಸಿ, ಸಹಾಯ ಕೊಟ್ಟು, ಹೊಸ ವ್ಯವಸ್ಥೆಯೊಳಗೆ ತೆಗೆದುಕೊಳ್ಳಬೇಕೆಂದು ೧೮೮೨ರ ಹಂಟರ್ ಆಯೋಗ ಶಿಫಾರಸು ಮಾಡಿತ್ತು. ಆ ಹೊತ್ತಿಗೆ ಹಲವು ಜಗಲಿಗಳು ಬರಿದಾಗುತ್ತ ನಡೆದಿದ್ದವು. ಕೆಳಗಿನ ಕೊಂಡಿ ಹೀಗೆ ಕಳಚಿತು.

ಮೇಲಿನ ಕೊಂಡಿಯಂತೂ ಕೂಡಲೇ ಇಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ೧೮೯೮ರಲ್ಲಿ ಜಪಾನಿಗೆ ಹೋಗಿ ಆ ದೇಶದ ಏಳಿಗೆಯನ್ನು ಕಣ್ಣಾರೆ ಕಂಡು ಬಂದರು. ದಿವಾನರಾದ ಮೇಲೆ ಅವರ ಕಾಲದಲ್ಲಿ ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಹುಟ್ಟಿದವು. ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಈ ಅಣ್ಣತಮ್ಮಂದಿರು ಬೇರೆ ಬೇರೆ ಮನೆಯಲ್ಲಿ ಬೆಳೆದರು: ಪರಿಷತ್ತಿನ ಭಾಷೆ ಕನ್ನಡ, ವಿಶ್ವವಿದ್ಯಾಲಯದ ಭಾಷೆ ಇಂಗ್ಲಿಷು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತೆಗೆದು ಭೌತ, ರಸಾಯನ, ಜೀವಶಾಸ್ತ್ರಗಳನ್ನು ಕನ್ನಡದಲ್ಲಿ ಬರೆಸಿದರು. ಅದು ಎರಡು ವರ್ಷ ಬದುಕಿತು. ಜಪಾನೀ ವಿದ್ವಾಂಸರು ಮಾಡಿದ ಕೆಲಸವನ್ನೇ ಇವರೂ ಮಾಡಹೊರಟಿದ್ದರು. ಕೊರತೆಯಾದದ್ದು ಪಾಂಡಿತ್ಯವಲ್ಲ, ಆ ಪತ್ರಿಕೆಯನ್ನು ಪಾಠವಾಗಿ ಓದಿಸುವ ಕಾಲೇಜು. ಕುವೆಂಪು ಅವರು ೧೯೫೬ರಿಂದ ೧೯೬೦ರವರೆಗೆ ಕುಲಪತಿಗಳಾಗಿದ್ದಾಗ ಪದವಿ ತರಗತಿಗಳಿಗೆ ಕನ್ನಡವನ್ನು ತರಲು ಹೆಣಗಿದರು. ಕಲಾವಿಷಯಗಳಲ್ಲಿ ಅದು ಒಂದಿಷ್ಟು ಬೇರೂರಿತು. ವೈದ್ಯ, ಇಂಜಿನಿಯರಿಂಗ್‌ಗಳ ಬಾಗಿಲಿಗೆ ಬಂದು ನಿಂತಿತು.

ಮಗನನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಕಳಿಸುವ ತಾಯಿಯನ್ನು ಆಕ್ಷೇಪಿಸುವವರು ಈ ಮಾತನ್ನು ನೆನಪಿಡಬೇಕು. ಆಕೆಗೆ ಕನ್ನಡದ ಮೇಲೆ ಪ್ರೀತಿ ಇಲ್ಲವೆಂದಲ್ಲ. ಹತ್ತು ವರ್ಷ ನಡೆದ ಮೇಲೆ ದಾರಿ ಕಡಿದುಹೋಗುವುದೆಂದು ತಿಳಿದ ಮೇಲೆ ಆ ದಾರಿಗೆ ಮಗನನ್ನು ಹಚ್ಚಲು ಯಾವ ತಾಯಿಗೆ ಮನಸ್ಸು ಬಂದೀತು? ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ಕರ್ನಾಟಕ ಸರಕಾರ ೧೯೯೪ರಲ್ಲಿ ಆಜ್ಞೆ ಹೊರಡಿಸಿತು. ಆ ವ್ಯಾಜ್ಯ ಇಪ್ಪತ್ತು ವರ್ಷ ನಡೆದು, ಮಾಧ್ಯಮವನ್ನು ಹೇರುವ ಅಧಿಕಾರ ಸರಕಾರಕ್ಕಿಲ್ಲವೆಂದು ೨೦೧೪ರ ಮೇ ತಿಂಗಳ ೬ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ೨೦೧೯ರಲ್ಲಿ ಸರಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಹೊರಟಿತು. ಜಪಾನಿನಲ್ಲಿ ಐದನೆಯ ತರಗತಿಯಲ್ಲಿ ಇಂಗ್ಲಿಷು ಒಂದು ಪೂರ್ಣ ವಿಷಯವಾದದ್ದು ೨೦೨೦ರಲ್ಲಿ. ಅಷ್ಟು ತಡಮಾಡುವ ಧೈರ್ಯ ಅವರಿಗೆ ಎಲ್ಲಿಂದ ಬಂತೆಂದರೆ, ಅವರ ಕೋರ್ಟು, ಕಚೇರಿ, ಕಾರ್ಖಾನೆ, ಕಾಲೇಜುಗಳೆಲ್ಲ ಜಪಾನೀ ಭಾಷೆಯಲ್ಲಿ ನಡೆಯುವುದರಿಂದ. ಒಂದನೆಯ ಇಯತ್ತೆಯನ್ನು ಮಾತ್ರ ಕನ್ನಡದಲ್ಲಿಟ್ಟು ಉಳಿದುದೆಲ್ಲವನ್ನೂ ಇಂಗ್ಲಿಷಿಗೆ ಒಪ್ಪಿಸಿದ ನಾಡು ಆ ಧೈರ್ಯವನ್ನು ತಾಯಂದಿರಿಂದ ನಿರೀಕ್ಷಿಸುವುದು ತುಸು ಹೆಚ್ಚಾಯಿತು.

ಪೂರ್ವ ಏಷ್ಯದಿಂದ ತರಬಾರದ ಸರಕೂ ಉಂಟು. ೧೮೯೦ರಲ್ಲಿ ಜಪಾನಿನ ಸಾಮ್ರಾಟನ ಹೆಸರಿನಲ್ಲಿ ಹೊರಟ ಶಿಕ್ಷಣಶಾಸನವನ್ನು ಮಕ್ಕಳು ತಲೆ ತಗ್ಗಿಸಿ ಕೇಳಬೇಕಾಗಿತ್ತು. ಪಿತೃಭಕ್ತಿ, ರಾಜಭಕ್ತಿಗಳೆಂಬ ಹಳೆಯ ಬೇರುಗಳಿಗೆ ನೀರೆರೆದು ಬೆಳೆಸಿದ ಆ ಗಿಡ ಯುದ್ಧವೆಂಬ ಫಲವನ್ನು ಬಿಟ್ಟಿತು. ೧೯೪೮ರಲ್ಲಿ ಅಲ್ಲಿಯ ಸಂಸತ್ತು ಆ ಶಾಸನವನ್ನು ತೊಡೆದುಹಾಕಿತು. ತನ್ನ ಭಾಷೆಯಿಂದ ಏಳಿಗೆ ಕಂಡ ಅದೇ ಜಪಾನು ತನ್ನ ಆಳ್ವಿಕೆಗೆ ಒಳಗಾಗಿದ್ದ ಕೊರಿಯದ ಶಾಲೆಗಳಿಂದ ಕೊರಿಯನ್ ಭಾಷೆಯನ್ನು ಹಂತಹಂತವಾಗಿ ಹೊರದೂಡಿತು. ೧೯೪೨ರಲ್ಲಿ ಕೊರಿಯನ್ ನಿಘಂಟು ಸಿದ್ಧಪಡಿಸುತ್ತಿದ್ದ ವಿದ್ವಾಂಸರನ್ನು ಸೆರೆಗೆ ಹಾಕಿತು. ೧೪೪೬ರಲ್ಲಿ ಸೇಜೋಂಗ್ ದೊರೆ ಪ್ರಕಟಿಸಿದ ಲಿಪಿ ಕೊರಿಯದ ಶಾಲೆಗಳಿಗೆ ಮರಳಿದ್ದು ೧೯೪೫ರ ನಂತರ. ಹಾಗೆ ಮರಳಿ ಪಡೆದ ಶಾಲೆಯನ್ನು ಕೊರಿಯನ್ನರು ಮುಂದೆ ಪರೀಕ್ಷೆಯ ಗಾಣಕ್ಕೆ ಹೂಡಿದರು. ಖಾಸಗಿ ಪಾಠದ ಹಾವಳಿಯನ್ನು ತಾಳಲಾರದೆ ೧೯೮೦ರಲ್ಲಿ ಸರಕಾರ ಅದನ್ನು ನಿಷೇಧಿಸಿದರೆ, ೨೦೦೦ದಲ್ಲಿ ಅವರ ಸಂವಿಧಾನ ನ್ಯಾಯಾಲಯ ಆ ನಿಷೇಧವನ್ನು ಎತ್ತಿಹಾಕಿತು. ಚೀನವೂ ೨೦೨೧ರಲ್ಲಿ ಮನೆಪಾಠದ ಕಂಪನಿಗಳಿಗೆ ಕಡಿವಾಣ ಹಾಕಬೇಕಾಯಿತು. ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ ಕೋಚಿಂಗ್ ತರಗತಿಗಳ ಫಲಕಗಳನ್ನು ಓದಿದವರಿಗೆ, ಪೂರ್ವ ಏಷ್ಯದ ಈ ಒಂದು ಪಾಠವನ್ನು ಯಾರೂ ಹೇಳಿಕೊಡದೆಯೇ ನಾವು ಕಲಿತುಬಿಟ್ಟೆವೆಂದು ತಿಳಿಯುತ್ತದೆ.

ಕಲಿಯಬೇಕಾದದ್ದು ಚಿಕ್ಕ ಸಂಗತಿಗಳಲ್ಲಿದೆ. ಜಪಾನಿನ ಎರಡನೆಯ ತರಗತಿಯ ಮಕ್ಕಳು ಈಗಲೂ ‘ಕುಕು’ ಎಂಬ ಮಗ್ಗಿಯನ್ನು ರಾಗವಾಗಿ ಹೇಳಿ ಬಾಯಿಪಾಠ ಮಾಡುತ್ತಾರೆ. ‘ಕುಕು’ ಎಂದರೆ ಒಂಬತ್ತೊಂಬತ್ತು. ಚೀನದಿಂದ ಬಂದ ಆ ಮಗ್ಗಿಯನ್ನು ಹಿಂದೆ ಒಂಬತ್ತರಿಂದ ಕೆಳಗಿಳಿಯುತ್ತ ಹೇಳುತ್ತಿದ್ದುದರಿಂದ ಆ ಹೆಸರು. ಮಣಿಚೌಕಟ್ಟಿನ ಲೆಕ್ಕವೂ ಮೂರನೆಯ ತರಗತಿಯ ಪಾಠದಲ್ಲಿ ಉಳಿದಿದೆ. ಗಣಕಯಂತ್ರಗಳನ್ನು ತಯಾರಿಸಿ ಲೋಕಕ್ಕೆ ಮಾರಿದ ದೇಶ ತನ್ನ ಮಣಿಚೌಕಟ್ಟನ್ನು ಅಟ್ಟಕ್ಕೆ ಎಸೆಯಲಿಲ್ಲ.

ಸಾಲಿಮಠದ ಮಗ್ಗಿ ಇದಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಪಾವಕಿ, ನಿಮಕಿ, ಪಾವಣಕಿ, ಸವಾಯಕಿ, ದಿಡಕಿ ಎಂದು ಕಾಲರಿಂದ ಒಂದೂವರೆಯವರೆಗೆ ಅಪೂರ್ಣಾಂಕಗಳ ಮಗ್ಗಿಗಳನ್ನು ಹುಡುಗರು ಸಂಜೆ ಸಾಲಾಗಿ ನಿಂತು ಒದರುತ್ತಿದ್ದರು. ೧೯೫೭ರಲ್ಲಿ ಹೊಸ ಪೈಸೆ ಬಂತು. ಅದರ ಹಿಂದೆಯೇ ಕಿಲೋ, ಲೀಟರುಗಳು ಬಂದವು. ಆಣೆ, ಸೇರುಗಳು ಹೋದ ಮೇಲೆ ಕಾಲುಮುಕ್ಕಾಲರ ಮಗ್ಗಿ ಏಕೆಂದು ಶಾಲೆಗಳು ಅದನ್ನು ಕೈಬಿಟ್ಟವು. ತೂಕಕಟ್ಟು ಬದಲಾದದ್ದು ನಿಜ. ಆದರೆ ಆ ಮಗ್ಗಿ ಕಲಿಸುತ್ತಿದ್ದುದು ಆಣೆಯ ಲೆಕ್ಕವನ್ನಷ್ಟೇ ಅಲ್ಲ, ಭಿನ್ನರಾಶಿ ಎಂಬುದು ಕೈಯಲ್ಲಿ ಹಿಡಿಯಬಹುದಾದ ವಸ್ತು ಎಂಬುದನ್ನು. ಇಂದು ಐದನೆಯ ಇಯತ್ತೆಯ ಹುಡುಗನಿಗೆ ಭಿನ್ನರಾಶಿ ಎಂದರೆ ಒಂದರ ತಲೆಯ ಮೇಲೊಂದು ಕುಳಿತ ಎರಡು ಅಂಕೆಗಳು. ಸಂತೆಯಲ್ಲಿ ಇಂಥ ಮಾತು ಎಲ್ಲಿ ಬೇಕಾದರೂ ಕಿವಿಗೆ ಬಿದ್ದೀತು:

“ತಮ್ಮಾ, ಎಂಟು ಮುಕ್ಕಾಲು ಎಷ್ಟಾತು?”

“ತಡಿ ಅಜ್ಜಾ, ಮೊಬೈಲ್ ತಗೊಂಡು ನೋಡಿ ಹೇಳ್ತೀನಿ.”

“ಅದಕ್ಯಾಕ ಮೊಬೈಲು? ಆರಲ್ಲೇನೋ!”

ಅಜ್ಜನಿಗೆ ಶಾಲೆಯ ದಾಖಲೆಯಲ್ಲಿ ಹೆಸರಿಲ್ಲದೆ ಇರಬಹುದು. ಮೊಮ್ಮಗ ಗಣಿತದಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿರಬಹುದು. ಇಬ್ಬರನ್ನೂ ಒಂದು ತಾಸು ಒಂದೇ ಹಲಗೆಯ ಮುಂದೆ ಕೂಡಿಸುವ ಯೋಚನೆ ಯಾವ ಪಠ್ಯಕ್ರಮದಲ್ಲಿಯೂ ಬಂದಿಲ್ಲ. ಜಪಾನಿನಲ್ಲಿ ಒಂದು ಪಾಠವನ್ನು ಒಬ್ಬ ಉಪಾಧ್ಯಾಯ ಹೇಳುತ್ತಿದ್ದರೆ ಉಳಿದವರು ಹಿಂದೆ ನಿಂತು ನೋಡಿ, ಯಾವ ಮಗು ಎಲ್ಲಿ ಎಡವಿತು, ಏಕೆ ಎಡವಿತು ಎಂದು ಸಂಜೆ ಕುಳಿತು ಚರ್ಚಿಸಿ ಅದೇ ಪಾಠವನ್ನು ತಿದ್ದಿ ಬರೆಯುವ ಪದ್ಧತಿ ಮೇಜಿ ಕಾಲದಿಂದ ಬಂದಿದೆ. ಅದಕ್ಕೆ ಕಟ್ಟಡ ಬೇಡ, ಯಂತ್ರ ಬೇಡ; ಇನ್ಸ್ಪೆಕ್ಟರರ ಭಯವಿಲ್ಲದೆ ಇನ್ನೊಬ್ಬರ ತರಗತಿಯಲ್ಲಿ ನಿಲ್ಲುವ ಸಲಿಗೆ ಬೇಕು.

ಜಪಾನಿನ ಶಾಲೆಗಳ ಬಗ್ಗೆ ಮಾತು ಬಂದಾಗಲೆಲ್ಲ ಮಕ್ಕಳೇ ತರಗತಿ ಗುಡಿಸುವ ಚಿತ್ರ ಎದುರಿಗೆ ಬರುತ್ತದೆ. ದಿನವೂ ಒಂದಿಷ್ಟು ಹೊತ್ತು ಎಲ್ಲ ಮಕ್ಕಳೂ ಅರಿವೆ ಹಿಡಿದು ನೆಲ ಒರೆಸುತ್ತಾರೆ. ಗುಡಿಯ ಅಂಗಳ ಗುಡಿಸುವುದೂ ಸಾಧನೆಯೇ ಎಂಬ ಬೌದ್ಧ ಭಾವನೆ ಅದರ ಹಿಂದಿದೆ. ಇದನ್ನು ಇಲ್ಲಿಯೂ ತರಬೇಕೆಂದು ಭಾಷಣ ಮಾಡುವವರಿದ್ದಾರೆ. ಪೊರಕೆ ಎರಡು ದೇಶಗಳಲ್ಲಿಯೂ ಒಂದೇ. ಅದನ್ನು ಯಾರ ಕೈಗೆ ಕೊಡುತ್ತಾರೆ ಎಂಬುದು ಒಂದೇ ಅಲ್ಲ. ೨೦೨೩ರ ಡಿಸೆಂಬರಿನಲ್ಲಿ ಕರ್ನಾಟಕದ ಒಂದು ವಸತಿಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ನಾಡನ್ನು ತಲೆತಗ್ಗಿಸುವಂತೆ ಮಾಡಿತು. ಮುಖ್ಯೋಪಾಧ್ಯಾಯರೂ ಗೌಡರ ಮಗನೂ ಒಟ್ಟಿಗೆ ಪೊರಕೆ ಹಿಡಿಯುವ ದಿನ ಬರುವವರೆಗೆ ಈ ಪದ್ಧತಿಯನ್ನು ಜಪಾನಿನಲ್ಲಿಯೇ ಬಿಡುವುದು ಮೇಲು.

ಊಟದ ವಿಷಯ ಹಾಗಲ್ಲ. ಜಪಾನಿನಲ್ಲಿ ಶಾಲೆಯ ಊಟ ಆರಂಭವಾದದ್ದು ೧೮೮೯ರಲ್ಲಿ ತ್ಸುರುವೊಕ ಎಂಬ ಊರಿನ ಒಂದು ಗುಡಿಯಲ್ಲಿ, ಬಡಮಕ್ಕಳಿಗಾಗಿ. ಈಗ ಅದು ಪಾಠವೇ ಆಗಿದೆ: ಮಕ್ಕಳು ಸರದಿಯ ಮೇಲೆ ಬಿಳಿ ಅಂಗಿ ತೊಟ್ಟು ಬಡಿಸುತ್ತಾರೆ, ಉಪಾಧ್ಯಾಯರು ಅವರೊಡನೆಯೇ ಉಣ್ಣುತ್ತಾರೆ. ಕರ್ನಾಟಕದಲ್ಲಿ ೨೦೦೨ರಲ್ಲಿ ಬಿಸಿಯೂಟ ಆರಂಭವಾದಾಗ ಯಾರಿಗೋ ಒಳ್ಳೆಯ ಬುದ್ಧಿ ಹೊಳೆದು ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟರು. ಸರಕಾರೀ ಯೋಜನೆಗಳ ಹೆಸರುಗಳಲ್ಲಿ ಇಷ್ಟು ಬೇಗ ಮನೆಮಾತಾದವು ಕಡಿಮೆ. ದಾಸೋಹವೆಂದರೆ ದಾನವಲ್ಲ, ಒಂದೇ ಪಂಕ್ತಿಯ ಊಟ ಎಂಬುದನ್ನು ಮಠದ ಜಾತ್ರೆ ಕಂಡ ಮಗುವಿಗೆ ವಿವರಿಸಬೇಕಾಗಿಲ್ಲ. ಆ ಅರ್ಥವನ್ನು ಪಂಕ್ತಿಯಲ್ಲಿ ನಡೆಸಿ ತೋರಿಸಿದ ಶಾಲೆಗಳಿವೆ. ಅಡುಗೆ ಮಾಡುವವಳ ಜಾತಿ ಕೇಳಿ ಊಟ ಬಿಡಿಸಿದ ಊರುಗಳೂ ಇವೆ.

ಬೇರಿನಿಂದ ಬೆಳೆದ ಶಿಕ್ಷಣ ಹೇಗಿರುತ್ತದೆ ಎಂದು ನೋಡಲು ಕೊಣ್ಣೂರಿನವರು ಜಪಾನಿನವರೆಗೆ ಹೋಗಬೇಕಾಗಿಯೂ ಇಲ್ಲ. ಜಿಲ್ಲೆಯ ಮುಖ್ಯಸ್ಥಳವಾದ ಗದುಗಿನಲ್ಲಿ, ಕುಮಾರವ್ಯಾಸನ ವೀರನಾರಾಯಣನಿರುವ ಊರಿನಲ್ಲಿಯೇ, ವೀರೇಶ್ವರ ಪುಣ್ಯಾಶ್ರಮವಿದೆ. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಸ್ವತಃ ಅಂಧರು. ಕಣ್ಣಿಲ್ಲದ ಮಕ್ಕಳನ್ನೂ ಬಡವರ ಮಕ್ಕಳನ್ನೂ ಕೂಡಿಸಿಕೊಂಡು ಅನ್ನವಿಟ್ಟು ಸಂಗೀತ ಕಲಿಸಿದರು. ಅದಕ್ಕೆ ಬೇಕಾದ ಹಣವನ್ನು ಭಕ್ತರ ಕಾಣಿಕೆಯಿಂದಲೂ ನಾಟಕದ ಕಂಪನಿ ನಡೆಸಿಯೂ ಹೊಂದಿಸಿದರು. ಬಸವರಾಜ ರಾಜಗುರು ಅಲ್ಲಿಯ ಶಿಷ್ಯರು. ೧೯೪೪ರಲ್ಲಿ ಗುರುಗಳು ತೀರಿಕೊಂಡ ಮೇಲೆ ಆಶ್ರಮವನ್ನು ಹೊತ್ತ ಪುಟ್ಟರಾಜ ಗವಾಯಿಗಳೂ ಅಂಧರೇ; ೨೦೧೦ರಲ್ಲಿ ಕಾಲವಾಗುವವರೆಗೆ ಅವರು ಪಾಠ ಹೇಳಿದರು, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥ ರಚಿಸಿದರು. ಅಲ್ಲಿ ಊಟದ ಪಂಕ್ತಿಯಿದೆ, ದೊಡ್ಡವರು ಚಿಕ್ಕವರಿಗೆ ಹೇಳಿಕೊಡುವ ಸಾಲಿಮಠದ ರೂಢಿಯಿದೆ, ಬಾಯಿಪಾಠವಿದೆ. ಆ ಬಾಯಿಪಾಠದಿಂದ ಸ್ವಂತ ಆಲಾಪನೆ ಹುಟ್ಟುವುದನ್ನು ಕೇಳಿದವರು ಕಂಠಪಾಠವೆಂದರೆ ಗಿಳಿಪಾಠ ಎಂದು ಸುಲಭವಾಗಿ ಹೇಳಲಾರರು.

ಆಶ್ರಮದಲ್ಲಿ ಕಲಿತವರಲ್ಲಿ ಅನೇಕರು ನಾಡಿನ ಶಾಲೆಗಳಲ್ಲಿ ಸಂಗೀತದ ಉಪಾಧ್ಯಾಯರಾಗಿ ಹೋದರು. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತ ಎಲ್ಲ ಮಕ್ಕಳಿಗೂ ಕಡ್ಡಾಯದ ವಿಷಯ. ಇಲ್ಲಿ ಪರೀಕ್ಷೆ ಹತ್ತಿರ ಬಂದು ಗಣಿತದವರಿಗೆ ಪಾಠ ಉಳಿದಿದ್ದರೆ, ಅವರು ಮೊದಲು ಕೇಳಿ ಪಡೆಯುವುದು ಸಂಗೀತದ ಅವಧಿಯನ್ನು. ಸಂಗೀತದ ಉಪಾಧ್ಯಾಯರು ಹಾರ್ಮೋನಿಯಂ ಮುಚ್ಚಿ ಹೊರಗೆ ಬಂದು ಕುಳಿತುಕೊಳ್ಳುತ್ತಾರೆ.